ದೀಪ ದೊಡ್ಡದು ಮಾಡಿದ ಸೊಸೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಹೊಳೆ ಹೋಗಿ ಕಡಲು ಸೇರುವ ಅಳಿವೆಯಲ್ಲಿ ಒಂದು ಮರಳುದಿಣ್ಣೆ, ಆ ದಿಣ್ಣೆಯ ತುದಿಯಲ್ಲಿ ಒಂದು ಮನೆ, ಆ ಮನೆಯಲ್ಲಿ ಸೆರಾಫಿನ್‌ಬಾಯಿ ಅಂತ ಒಬ್ಬಳು ಮುದುಕಿ ಇದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಒಂದು ಸಣ್ಣ ದೋಣಿ. ಹಿರಿಸೊಸೆಯರಿಬ್ಬರೂ ಅದೇ ತೀರದವರು. ಕಿರಿಯವಳು ದುಲ್ಸಿನ್ ಮಾತ್ರ ಘಟ್ಟದ ಬುಡದ ಕಲ್ಲುಕೋರೆಯಿಂದ ಬಂದವಳಂತೆ.

ಆ ಊರಿನವರು ಭಾನುವಾರ ತಪ್ಪದೆ ಹೊಳೆ ದಾಟಿ ಇಗರ್ಜಿಗೆ ಹೋಗುವವರೇ. ಆದರೂ ಅಶುಭದ ಮಾತು ಬಾಯಿಗೆ ಬರಬಾರದು ಅನ್ನುವ ಭಯ ಮುತ್ತಜ್ಜರ ಕಾಲದಿಂದ ಹಾಗೇ ಉಳಿದಿತ್ತಂತೆ. ಅಕ್ಕಿ ಮುಗೀತು ಅನ್ನಬಾರದು, ತುಂಬಿದೆ ಅನ್ನಬೇಕು. ಬಳೆ ಒಡೀತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಕಡಲಿಗೆ ಹೊರಟವನು ಹೋಗ್ತೇನೆ ಅನ್ನಬಾರದು, ಬರ್ತೇನೆ ಅನ್ನಬೇಕು. ಕೋರೆಯಲ್ಲಿ ಹಾಗಲ್ಲ. ಅಲ್ಲಿ ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವವರು. ಆರಿಸು ಅಂದರೆ ಆರಿಸಬೇಕು, ಓಡು ಅಂದರೆ ಓಡಬೇಕು. ಸುತ್ತಿ ಬಳಸಿ ಮಾತಾಡಿದರೆ ಯಾರದೋ ಕೈ ಹೋಗುತ್ತದೆ.

ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಅತ್ತೆ, ಅಕ್ಕಿ ತುಂಬಿದೆ ನೋಡು ಅಂದಳಂತೆ, ಇವಳು ಒಳ್ಳೇದಾಯ್ತು ಅಂತ ತಲೆ ಬಾಚಿಕೊಳ್ಳುತ್ತ ಕೂತಳಂತೆ, ಆಮೇಲೆ ಸಂಜೆ ಮನೆಮಂದಿಯೆಲ್ಲ ಬೇಯಿಸಿದ ಗೆಣಸು ತಿಂದು ಮಲಗಿದರಂತೆ. ಆಮೇಲೆ ಇನ್ನೊಂದು ದಿನ ಹಿರಿಯ ಓರಗಿತ್ತಿ, ಅಯ್ಯೋ ನನ್ನ ಬಳೆ ಹೆಚ್ಚಿತು ಅಂತ ಮುಖ ಸಣ್ಣ ಮಾಡಿಕೊಂಡರೆ, ಹೆಚ್ಚಿದ್ದರೆ ನನಗೊಂದು ಕೊಡಿ ಅಕ್ಕ ಅಂತ ಕೈ ಚಾಚಿದಳಂತೆ. ಅವತ್ತಿನಿಂದ ಓರಗಿತ್ತಿಯರು ಅವಳನ್ನು ಕೋರೆಕಲ್ಲು ಅಂತ ಕರೆದರಂತೆ. ಕಲ್ಲಿಗೆ ಒಂದೇ ಅರ್ಥ ತಿಳಿಯೋದು ಅಂತ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಕ್ಕರಂತೆ. ಅವಳ ಗಂಡ ಬಸ್ತ್ಯಾಂವ್ ಕೂಡ ನಕ್ಕನಂತೆ. ಆದರೆ ನಕ್ಕ ಮೇಲೆ ಪಕ್ಕದಲ್ಲಿ ಕೂತು ಒಂದೊಂದು ಮಾತಿಗೂ ಅರ್ಥ ಬಿಡಿಸಿ ಹೇಳಿದವನು ಅವನೊಬ್ಬನೇ ಅಂತೆ.

ಮೂರನೆಯದಕ್ಕೆ ಯಾರೂ ನಗಲಿಲ್ಲ.

ಮಳೆಗಾಲ ಕಳೆದ ಮೇಲೆ ಬಸ್ತ್ಯಾಂವ್ ಇನ್ನಿಬ್ಬರ ಜೊತೆ ದೊಡ್ಡ ಹಾಯಿದೋಣಿ ಹತ್ತಿ ದೂರದ ಮೀನಿಗೆ ಹೊರಟನಂತೆ. ಬರ್ತೇನೆ ಅಂದನಂತೆ. ಆಮೇಲೆ ಬಿರುಗಾಳಿ ಎದ್ದಿತಂತೆ, ಆಮೇಲೆ ಗಾಳಿ ನಿಂತಿತಂತೆ, ದೋಣಿ ಮಾತ್ರ ಬರಲಿಲ್ಲವಂತೆ. ವಾರಗಳು ಹೋದವು. ಅಷ್ಟರಲ್ಲಿ ಕ್ರಿಸ್ಮಸ್ ಬಂತು.

ಆ ಊರಲ್ಲಿ ಕ್ರಿಸ್ಮಸ್ ಸಂಜೆ ಪ್ರತಿ ಮನೆಯವರೂ ತಮ್ಮ ಸಣ್ಣ ದೋಣಿಗೆ ದೀಪ ಕಟ್ಟಿ, ಸಾಲಾಗಿ ಹೊಳೆ ದಾಟಿ ಆಚೆ ದಡದ ಇಗರ್ಜಿಗೆ ಪೂಜೆಗೆ ಹೋಗುವುದು ಪದ್ಧತಿಯಂತೆ. ಆ ವರ್ಷ ಸಾವಾದ ಮನೆಯವರು ಮಾತ್ರ ದೀಪ ಕಟ್ಟಬಾರದು. ದೋಣಿ ಕವುಚಿ ಹಾಕಬೇಕು. ಹಾಗೆ ಕವುಚಿ ಹಾಕಿದ ಮನೆಯವರ ಹೆಸರನ್ನೇ ಪಾದ್ರಿಗಳು ಪೂಜೆಯಲ್ಲಿ ಓದಿ ಸತ್ತವರಿಗೆ ಪ್ರಾರ್ಥನೆ ಮಾಡಿಸುವುದು. ಬಸ್ತ್ಯಾಂವ್ ಜೊತೆ ಹೋದವರ ಮನೆಗಳಲ್ಲಿ ಎರಡು ದೋಣಿ ಆಗಲೇ ಕವುಚಿ ಬಿದ್ದಿದ್ದವಂತೆ.

ದುಲ್ಸಿನ್ ತಮ್ಮ ದೋಣಿ ಕವುಚಿ ಹಾಕಲಿಲ್ಲ. ಬಿದಿರು ಸೀಳಿ ನಕ್ಷತ್ರ ಕಟ್ಟಿದಳಂತೆ, ಅದಕ್ಕೆ ತೆಳ್ಳನೆ ಕಾಗದ ಅಂಟಿಸಿದಳಂತೆ, ತೆಂಗಿನ ಚಿಪ್ಪಿಗೆ ಎಣ್ಣೆ ಹಾಕಿ ದೋಣಿಯ ಅಂಚಿನುದ್ದಕ್ಕೂ ಸಾಲಾಗಿ ಕಟ್ಟಿದಳಂತೆ. ಯಾರಿಗೆ ಈ ಶೃಂಗಾರ ಅಂತ ಓರಗಿತ್ತಿಯರು ಕೇಳಿದರೆ, ಬರ್ತೇನೆ ಅಂದಿದ್ದಾರೆ ಅಂದಳಂತೆ. ಹೋಗುವವರೆಲ್ಲ ಹಾಗೇ ಅನ್ನೋದು ಕಣೇ ಅಂದರಂತೆ. ಅತ್ತೆ ಮಾತ್ರ ಜಗಲಿಯಲ್ಲಿ ಕೂತು ತಲೆ ಎತ್ತದೆ ಬತ್ತಿ ಹೊಸೆದು ಕೊಟ್ಟಳಂತೆ.

ಕತ್ತಲಾಗುವ ಹೊತ್ತಿಗೆ ಗುರ್ಕಾರ ಕಾಯ್ತಾನ್ ಬಂದನಂತೆ. ಗುರ್ಕಾರ ಅಂದರೆ ಇಗರ್ಜಿಯ ಪರವಾಗಿ ಆ ಕೇರಿಗೆ ಹಿರಿಯ. ಕೆಟ್ಟವನಲ್ಲ, ತನಗೆ ಎಲ್ಲ ಗೊತ್ತು ಅಂದುಕೊಂಡವನು, ಅಷ್ಟೇ. ಬೆಳಕಿಟ್ಟ ಮನೆಯ ಹೆಸರು ಓದುವ ಹಾಗಿಲ್ಲ ಸೆರಾಫಿನ್‌ಬಾಯಿ, ಪ್ರಾರ್ಥನೆ ಇಲ್ಲದೆ ನಿನ್ನ ಮಗನ ಆತ್ಮ ನೀರಿನ ಮೇಲೆ ಅಲೆಯೋದು ನಿನಗೆ ಇಷ್ಟವಾ ಅಂತ ಕೇಳಿದನಂತೆ. ಮುದುಕಿ ಅಲ್ಲಿಯವರೆಗೂ ತಡೆದುಕೊಂಡಿದ್ದಳು. ಆ ಮಾತನ್ನು ತಡೆದುಕೊಳ್ಳಲು ಆಗಲಿಲ್ಲವಂತೆ. ಎದ್ದು ದಡಕ್ಕೆ ಹೋದಳಂತೆ. ಆ ಹೊತ್ತಿನಲ್ಲೂ ಆರಿಸು ಅನ್ನಲು ನಾಲಿಗೆ ಬರಲಿಲ್ಲ ನೋಡು.

"ದುಲ್ಸಿನ್, ದೀಪ ದೊಡ್ಡದು ಮಾಡು," ಅಂದಳಂತೆ. ಅಂದು, ಕಪ್ಪು ಸೀರೆ ಉಡಲು ಒಳಗೆ ಹೋದಳಂತೆ.

ದುಲ್ಸಿನ್ ಮನೆಯೊಳಗಿಂದ ಎಣ್ಣೆಯ ಭರಣಿ ತಂದಳಂತೆ. ಆಮೇಲೆ ಇದ್ದ ಎಣ್ಣೆಯನ್ನೆಲ್ಲ ಚಿಪ್ಪುಗಳಿಗೆ ಸುರಿದಳಂತೆ, ಆಮೇಲೆ ತೆಂಗಿನ ಒಣಗರಿ ತಂದು ದೋಣಿಯೊಳಗೆ ಒಟ್ಟಿದಳಂತೆ, ಆಮೇಲೆ ಹರಿದ ಹಾಯಿ, ಮುರಿದ ಹುಟ್ಟು, ಕೊನೆಗೆ ಮುರಿಯದ ಹುಟ್ಟೂ. ನಕ್ಷತ್ರಕ್ಕೆ ಬೆಂಕಿ ಹತ್ತಿತು. ವರ್ಷಗಟ್ಟಲೆ ಮೀನೆಣ್ಣೆ ಬಳಿಸಿಕೊಂಡ ಮರ ಅದು, ಬಿಡುತ್ತದೆಯೇ. ದೋಣಿಗೆ ದೋಣಿಯೇ ಹೊತ್ತಿ, ದಿಣ್ಣೆಯ ತುದಿಯಲ್ಲಿ ತೆಂಗಿನಮರದೆತ್ತರ ಉರಿ ಎದ್ದಿತಂತೆ.

ಭಾವಂದಿರು ಕೊಡ ಹಿಡಿದು ಓಡಿಬಂದರಂತೆ. ಓರಗಿತ್ತಿಯರು ಬಾಯಿ ಬಡಿದುಕೊಂಡರಂತೆ, ಕಲ್ಲಿಗೆ ಕೆಲಸ ಹೇಳಿದರೆ ಇನ್ನೇನಾಗುತ್ತೆ ಅಂದರಂತೆ. ಮುದುಕಿ ಉಟ್ಟ ಸೀರೆಯ ಮೇಲೇ ಕಪ್ಪು ಸೀರೆ ಅರ್ಧ ಸುತ್ತಿಕೊಂಡು ಬಂದು, ಸೊಸೆಯ ರಟ್ಟೆ ಹಿಡಿದಳಂತೆ.

"ದೊಡ್ಡದು ಮಾಡು ಅಂದರೆ ಏನರ್ಥ ಅಂತ ನಿನಗೆ ಇನ್ನೂ ಗೊತ್ತಿಲ್ಲವಾ?"

"ಗೊತ್ತು, ಅವರು ಹೇಳಿಕೊಟ್ಟಿದ್ದಾರೆ," ಅಂದಳಂತೆ ದುಲ್ಸಿನ್. "ಆದರೆ ನೀವು ಹೇಳಿದ್ದು ದೊಡ್ಡದು ಮಾಡು ಅಂತ. ಅವರು ಹೇಳಿದ್ದು ಬರ್ತೇನೆ ಅಂತ. ಆರಿಸು ಅಂತ ಬಾಯಿಬಿಟ್ಟು ಹೇಳಿ ಅತ್ತೆ, ಈಗಲೇ ಆರಿಸ್ತೇನೆ."

ಮುದುಕಿ ಬಾಯಿ ತೆರೆದಳಂತೆ. ಆ ಮಾತು ಬರಲಿಲ್ಲ. ಕೊಡ ಹಿಡಿದು ನಿಂತ ಮಕ್ಕಳಿಗೆ, ಇಡಿ ಕೆಳಗೆ ಅಂದಳಂತೆ.

ಆಮೇಲೆ ಏನಾಯ್ತು ಅಂದರೆ, ಬಿರುಗಾಳಿಗೆ ಅಳಿವೆಯ ಬಾಯಿ ಜಾಗ ಬದಲಿಸಿತ್ತಂತೆ. ಎಲ್ಲೋ ಒಂದು ಬಂಡೆದ್ವೀಪಕ್ಕೆ ಬಡಿದು, ಮುರಿದ ದೋಣಿಯನ್ನು ಹೇಗೋ ಹೊಲಿದುಕೊಂಡು ಬಂದವರು ಕತ್ತಲಲ್ಲಿ ಬಾಗಿಲು ಕಾಣದೆ ಹೊರಗೇ ಸುತ್ತುತ್ತಿದ್ದರಂತೆ. ಇಗರ್ಜಿಗೆ ಹೊರಟ ದೋಣಿಗಳ ಚಿಪ್ಪುದೀಪ ದಿಣ್ಣೆಯ ಒಳಗಡೆ. ಕಡಲಿಗೆ ಕಾಣುವ ಬೆಳಕಲ್ಲ ಅದು. ಇದು ಕಂಡಿತು. ನೀರಿನ ಮೇಲಿಂದ ಒಂದು ಒಡಕು ದನಿ ಬಂತಂತೆ.

"ಯಾರು ನಮ್ಮ ದೋಣಿ ಸುಡ್ತಾ ಇರೋದು?"

ಬಸ್ತ್ಯಾಂವ್ ದಡಕ್ಕೆ ಬಿದ್ದನಂತೆ. ಎಲುಬು, ಗಡ್ಡ, ಎರಡು ಕಣ್ಣು, ಅಷ್ಟೇ ಉಳಿದಿದ್ದನಂತೆ. ಮುದುಕಿ ಕಪ್ಪು ಸೀರೆ ಬಿಚ್ಚಿ ಅವನಿಗೆ ಹೊದಿಸಿದಳಂತೆ. ಗುರ್ಕಾರ ಮಂಡಿಯೂರಿ ಇದು ಪವಾಡ ಅಂದನಂತೆ. ದೂರದಿಂದ ನೋಡಿ ಯಾರದೋ ಮನೆ ಹೊತ್ತಿದೆ ಅಂದುಕೊಂಡು ಬಂದೆವು ಅಂದನಂತೆ ಬಸ್ತ್ಯಾಂವ್.

ಪವಾಡ ಅನ್ನೋದಾದರೆ ಮೂವರೂ ಬರಬೇಕಿತ್ತು. ಬಂದವರು ಇಬ್ಬರು. ಮೂರನೆಯವನು ಇನಾಸ್, ಬಿರುಗಾಳಿಯ ದಿನವೇ ನೀರುಪಾಲಾಗಿದ್ದ. ಅವನೂ ಬರ್ತೇನೆ ಅಂತಲೇ ಹೇಳಿ ಹೋಗಿದ್ದನಂತೆ.

ಬೆಂಕಿ ನೋಡಿ ಊರೆಲ್ಲ ದಿಣ್ಣೆಗೆ ಬಂದಿತ್ತು. ಎರಡನೆಯವನ ಮನೆಯವರು ಓಡಿಹೋಗಿ ದೋಣಿ ನೆಟ್ಟಗೆ ಮಾಡಿದರಂತೆ, ಅದೇ ಉರಿಯಿಂದ ಕೊಳ್ಳಿ ಒಯ್ದು ದೀಪ ಹಚ್ಚಿದರಂತೆ. ಇನಾಸನ ಹೆಂಡತಿಯೂ ಒಂದು ಒಣಗರಿ ಹಿಡಿದು ಬಂದು ನಿಂತಳಂತೆ. ಹಚ್ಚಲಾ ಅಂತ ಕೇಳಿದಳಂತೆ. ಬಸ್ತ್ಯಾಂವ್ ಮುಖ ಆಚೆ ತಿರುಗಿಸಿದನಂತೆ. ಆಗ ದುಲ್ಸಿನ್ ಅವಳ ಕೈ ಹಿಡಿದು, ಗರಿಯನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟು, ಆ ಊರಿನ ಮಾತನ್ನು ಮೊದಲ ಸಲ ಆ ಊರಿನವರ ಹಾಗೇ ಆಡಿದಳಂತೆ.

"ಅಕ್ಕಾ, ನಿಮ್ಮ ದೀಪ ದೊಡ್ಡದಾಯಿತು."

ಆ ಮಾತು ಯಾಕೆ ಹುಟ್ಟಿತು ಅಂತ ಅವಳಿಗೆ ಅವತ್ತು ತಿಳಿಯಿತಂತೆ. ಓರಗಿತ್ತಿಯರು ಆಮೇಲೆ ಅವಳನ್ನು ಕೋರೆಕಲ್ಲು ಅನ್ನಲಿಲ್ಲವಂತೆ.

ಆ ಸಂಜೆ ಮನೆಮಂದಿಯೆಲ್ಲ ಬೇರೆಯವರ ದೋಣಿಯಲ್ಲಿ ಹೊಳೆ ದಾಟಿದರಂತೆ. ಇಗರ್ಜಿಯಲ್ಲಿ ಒಂದೇ ಹೆಸರು ಓದಿದರಂತೆ. ಆಮೇಲೆ ವರ್ಷ ಕಳೆಯಿತು, ಅಣ್ಣತಮ್ಮಂದಿರು ಮೂವರೂ ಸೇರಿ ಹೊಸ ದೋಣಿ ಕಟ್ಟಿದರಂತೆ. ಮುಂದಿನ ಕ್ರಿಸ್ಮಸ್ಸಿಗೆ ದುಲ್ಸಿನ್ ಬಗಲಲ್ಲಿ ಕೂಸು ಇಟ್ಟುಕೊಂಡು ಮೊದಲು ಹೋಗಿ ಇನಾಸನ ಮನೆ ದೋಣಿಗೆ ದೀಪ ಕಟ್ಟಿದಳಂತೆ, ಆಮೇಲೆ ತಮ್ಮ ದೋಣಿಗೆ. ಅತ್ತೆ ಬತ್ತಿ ಹೊಸೆದು ಕೊಟ್ಟಳಂತೆ. ಚೆನ್ನಾಗಿದ್ದರಂತೆ.

ಕತೆ ದಡ ಹತ್ತಿತು. ಮಲಗು, ದೀಪ ದೊಡ್ಡದು ಮಾಡ್ತೇನೆ.

ಯಾಕೆ ಹಾಗೆ ನೋಡ್ತೀಯಾ? ಸೂರು ಸುಡುವಷ್ಟು ದೊಡ್ಡದಲ್ಲ ಮಗಾ. ನಮ್ಮವರೆಲ್ಲ ಇವತ್ತು ಒಳಗೇ ಇದ್ದಾರೆ.