ಬಾಳವ್ವನ ಪಡಸಾಲೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಂದು ಕೋಣೆ. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಸುತ್ತಲೂ ಹಳೆ ಬಟ್ಟೆಯ ಕೌದಿ ಇಳಿಬಿಟ್ಟಿದ್ದರು.

ಗದಿಗಯ್ಯಜ್ಜ ಅಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದರು. ಭಜನೆ, ತತ್ವಪದ, ಯಾರು ಬಂದು ಹಾಡಿದರೂ ಸರಿ. ಕಲ್ಮೇಶ ಅವರ ಶಿಷ್ಯ.

ಕೌದಿಯ ಕೋಣೆಯಲ್ಲಿ ಹಾಡಿದ ದನಿ ಒಣಗಿರುತ್ತದೆ. ಅದಕ್ಕೆ ಒಂದು ಜಾಗದ ಗುಂಗು, ಗೋಡೆಗೆ ಬಡಿದು ತಿರುಗಿ ಬರುವ ದನಿ, ಕೊಡುವುದು ರಿವರ್ಬ್. ಕಂಪ್ಯೂಟರಿನಲ್ಲಿ ಅದಕ್ಕೆ ಪ್ಲಗಿನ್ ಎಂಬ ಸಣ್ಣ ತಂತ್ರಾಂಶಗಳಿವೆ. ಗುಡಿಯ ಗುಂಗು, ಗವಿಯ ಗುಂಗು, ದೊಡ್ಡ ಸಭಾಂಗಣದ ಗುಂಗು. ಕಲ್ಮೇಶ ಎಲ್ಲವನ್ನೂ ಕೂಡಿಹಾಕಿದ್ದ.

“ಅಜ್ಜಾರ, ಇದರಾಗ ಯಾವುದು ಚಲೋ?”

“ಯಾರಿಗೆ?”

“ಎಲ್ಲಾರಿಗೂ.”

“ಎಲ್ಲಾರಿಗೂ ಆಗೂ ಅಂಗಿ ಹೊಲಿಯೂ ಸಿಂಪಿಗ ಸಿಕ್ರ ಹೇಳು. ನನಗೂ ಒಂದು ಬೇಕು.”

ಒಂದು ಬೆಳಿಗ್ಗೆ ಆಚೆ ದಂಡೆಯ ಬಾಳವ್ವ ಬಂದಳು. ಸೆರಗಿನಲ್ಲಿ ಒಂದು ಕ್ಯಾಸೆಟ್ ಕಟ್ಟಿಕೊಂಡಿದ್ದಳು.

ಬಾಳವ್ವ, ಅವಳ ಗಂಡ ಫಕ್ಕೀರಪ್ಪ, ಇಬ್ಬರೂ ಜೋಡಿಯಾಗಿ ಪದ ಹಾಡುತ್ತಿದ್ದರು. ಅವನು ಒಂದು ಸಾಲು, ಇವಳು ಒಂದು ಸಾಲು. ಅವನು ತೀರಿಕೊಂಡ ಮೇಲೆ ಇವಳು ಹಾಡಲು ಬಾಯಿ ಬಿಟ್ಟಿರಲಿಲ್ಲ.

“ನಾ ಮಗಳ ಬಾಣಂತನಕ್ಕ ಹೋದಾಗ ಇವ್ರು ಒಬ್ರ ಕುಂತು ಹಾಡ್ಯಾರ್ರಿ, ಅಜ್ಜಾರ. ಮನ್ಯಾಗಿನ ಟೇಪಿನ್ಯಾಗ.”

ಅಜ್ಜ ಕ್ಯಾಸೆಟ್ ಹಾಕಿದರು.

ಮೊದಲು ಕೆಮ್ಮು. ಆಮೇಲೆ ಮಾತು. “ನನ್ನ ಸಾಲು ನಾ ಹಾಡತೀನಿ. ಬಾಳವ್ವನ ಸಾಲಿಗೆ ಜಾಗ ಬಿಟ್ಟೀನಿ. ಬಂದ ಮ್ಯಾಲ ಹಾಡತಾಳ.”

ಆಮೇಲೆ ಹಾಡು.

“ಈ ದಂಡಿಯಾಗ ನಾನು, ಆ ದಂಡಿಯಾಗ ನೀನು...”

ಅಲ್ಲಿಗೆ ನಿಂತ. ಏಕತಾರಿ ಮಾತ್ರ ಮಿಡಿಯುತ್ತಿತ್ತು. ಒಂದು ಸಾಲಿನಷ್ಟು ಹೊತ್ತು ಕಾದು ಮುಂದಿನದು ಹಿಡಿದ. ಹಾಡು ಮುಗಿಯುವತನಕ ಹಾಗೆಯೇ.

“ನಾ ಬಂದೆ. ಆಮ್ಯಾಲ ಇವ್ರು ಹಾಸಿಗಿ ಹಿಡದ್ರು. ಹಾಡೂದು ಹಂಗ ಉಳೀತು.” ಬಾಳವ್ವ ಅಜ್ಜನ ಮುಖ ನೋಡಿದಳು. “ಈಗ ಹಾಡಬಹುದೇನ್ರಿ?”

ಅಜ್ಜ ಮೈಕು ಅವಳ ಮುಂದೆ ಸರಿಸಿದರು.

ಹೆಡ್‌ಫೋನಿನಲ್ಲಿ ಅವನ ಸಾಲು ಕೇಳುತ್ತ, ಅವನು ಬಿಟ್ಟ ಜಾಗದಲ್ಲಿ ಅವಳು ಹಾಡಿದಳು. “ನಡುವ ಹರಿಯೂ ನೀರು ಯಾರದೋ ತಂದೆ...” ದನಿ ನಡುಗಿತು. ಎಲ್ಲಿಯೂ ಜಾಗ ತಪ್ಪಲಿಲ್ಲ.

“ಎರಡೂ ಕೂಡಿಸು,” ಎಂದರು ಅಜ್ಜ ಶಿಷ್ಯನಿಗೆ.

ಕಲ್ಮೇಶ ಊಟ ಬಿಟ್ಟು ಕೂತ. ಫಕ್ಕೀರಪ್ಪನ ದನಿಗೆ ತನ್ನಲ್ಲಿದ್ದ ಅತಿ ದೊಡ್ಡ ಸಭಾಂಗಣದ ಗುಂಗು ಹಾಕಿದ. ದನಿ ಮುಗಿಲಿನಿಂದ ಇಳಿದು ಬಂದ ಹಾಗಾಯಿತು. ಕಲ್ಮೇಶನ ಕಣ್ಣಲ್ಲೇ ನೀರು ಬಂತು.

ಬಾಳವ್ವನನ್ನು ಕರೆದು ಕೇಳಿಸಿದ.

ಅವಳು ಸ್ಪೀಕರಿನ ಕಡೆ ಬಾಗಿದಳು. ಇನ್ನಷ್ಟು ಬಾಗಿದಳು. ಹಾಡು ಅರ್ಧಕ್ಕೆ ಬಂದಾಗ ಎದ್ದು ನಿಂತಳು.

“ಚಂದ ಐತಿ ತಮ್ಮಾ. ಖರೇ ಇವ್ರು ಭಾಳ ದೂರ ಹೋಗ್ಯಾರ. ನಾ ಹಾಡಿದ್ದು ಇವ್ರಿಗೆ ಮುಟ್ಟೂದಿಲ್ಲ.”

“ಯವ್ವಾ, ಪೂರ್ತಿ ಕೇಳ್ರಿ.”

“ಬ್ಯಾಡಪ್ಪ. ಮೊದಲು ಬರೇ ಸತ್ತಿದ್ರು. ನನ್ನ ಕ್ಯಾಸೆಟ್ ಕೊಡು.”

ಕ್ಯಾಸೆಟ್ ಸೆರಗಿಗೆ ಕಟ್ಟಿಕೊಂಡು ಹೊಳೆಯ ಕಡೆ ನಡೆದಳು. ಅಜ್ಜ ತಡೆಯಲಿಲ್ಲ.

ಕಲ್ಮೇಶನಿಗೆ ಸಿಟ್ಟು ಬಂತು. “ತೀರಿಕೊಂಡವ್ರಿಗೆ ಸ್ವರ್ಗದ ದನಿ ಕೊಟ್ಟಿದ್ದೆ, ಅಜ್ಜಾರ.”

“ನೀ ಅಲ್ಲಿ ಹೋಗಿ ಬಂದೀಯೇನು?”

ಕಲ್ಮೇಶ ಕಂಪ್ಯೂಟರಿನ ಕಡೆ ತಿರುಗಿದ. “ಗುಡಿಯ ಗುಂಗು ಹಾಕಿ ನೋಡ್ಲ್ಯಾ?” ಎಂದ.

“ಅವ್ರು ಗುಡಿಯಾಗ ಹಾಡಿದ್ರೇನು?”

“ಗೊತ್ತಿಲ್ರಿ.”

“ಕೇಳಲಿಲ್ಲ?”

“ಇಲ್ರಿ.”

“ಆಕಿನ್ನ ಕೇಳಲಾರದನ ಮನಿ ಕಟ್ಟಿಕೊಟ್ಟಿ. ಆಕಿ ಹೊರಗ ನಿಂತಳು.”

ಕಲ್ಮೇಶ ಮೈಕಿನ ಚೀಲ ಹೆಗಲಿಗೆ ಹಾಕಿ ಹರಿಗೋಲು ಹತ್ತಿದ.

ಬಾಳವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನನ್ನು ನೋಡಿ ಮೊರ ಕೆಳಗಿಟ್ಟಳು.

“ಮತ್ತ ಯಾಕ ಬಂದಿ?”

“ತಪ್ಪಾತ್ರಿ ಯವ್ವಾ. ಕಾಕಾರು ಎಲ್ಲಿ ಕುಂತು ಹಾಡಿದ್ರು?”

ಅವಳು ಒಳಗೆ ಕರೆದಳು. ಸಣ್ಣ ಪಡಸಾಲೆ. ಮಣ್ಣಿನ ಗೋಡೆ, ತೊಲೆಯ ಮಾಳಿಗೆ. ನಡುವೆ ಒಂದು ಮಂಚ.

“ಇಲ್ಲೆ. ಒಂದ ಕಂಬಳಿ ಹಾಸತಿದ್ವಿ. ಇವ್ರು ಗ್ವಾಡಿ ಕಡೆ, ನಾ ಬಾಗಲ ಕಡೆ. ನಡುನಡುವ ಎದ್ದು ಹೋಗಿ ಒಲಿ ನೋಡಬೇಕಲ್ಲ.”

“ಈ ಮಂಚ?”

“ಇವ್ರು ಹಾಸಿಗಿ ಹಿಡದಾಗ ತರಿಸಿದ್ದು.”

“ಹಾಡಿದಾಗ ಇರಲಿಲ್ಲ?”

“ಇಲ್ಲ.”

ಅವಳು ಮಂಚದ ಒಂದು ತುದಿ ಹಿಡಿದಳು. ಅವನು ಇನ್ನೊಂದು ತುದಿ ಹಿಡಿದ. ಹೊರಗೆ ಇಟ್ಟು ಬಂದರು.

ಕಂಬಳಿ ಹಾಸಿದಳು. ಕಲ್ಮೇಶ ಗೋಡೆಯ ಕಡೆ ಮೈಕು ಇಟ್ಟ. ಬಾಗಿಲ ಕಡೆ ಕೂತು ಒಂದು ಚಪ್ಪಾಳೆ ಹೊಡೆದ. ಕಿವಿಗೊಟ್ಟು ಕೂತ. ಮತ್ತೊಂದು ಹೊಡೆದ.

“ಇದೇನೋ ತಮ್ಮಾ?”

“ನಿಮ್ಮ ಪಡಸಾಲಿ ಮಾತಾಡಿಸಾಕತ್ತೀನ್ರಿ. ಚಪ್ಪಾಳಿಗೆ ಅದು ಏನಂತೈತಿ ಅನ್ನೂದು ಹಿಡಕೊಂಡ್ರ, ನಿಮ್ಮ ದನಿಗೂ ಅದನ್ನ ಅನಸಬಹುದು.”

ಬಾಳವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ನಾನು ಒಬ್ಬಾಕಿನ ಇರತೀನಲ್ಲ, ನನ್ನ ಜೋಡಿ ಒಂದಿನ ಮಾತಾಡಿಲ್ಲ ಅದು.”

ಹೊರಡುವಾಗ ಕ್ಯಾಸೆಟ್ ಬಿಚ್ಚಿ ಅವನ ಕೈಗೆ ಕೊಟ್ಟಳು.

ಆಶ್ರಮಕ್ಕೆ ಬಂದು ಕಲ್ಮೇಶ ಫಕ್ಕೀರಪ್ಪನ ದನಿಯಿಂದ ಸಭಾಂಗಣ ತೆಗೆದ. ಏನೂ ಹಾಕಲಿಲ್ಲ. ಅವನ ದನಿಯಲ್ಲಿ ಆ ಮನೆ ಮೊದಲೇ ಇತ್ತು. ಬಾಳವ್ವನ ದನಿಗೆ ಪಡಸಾಲೆಯ ಗುಂಗು ಕೊಟ್ಟ.

ಅಜ್ಜ ಹಿಂದೆ ಬಂದು ನಿಂತರು. ಕೈ ಚಾಚಿ ಗುಂಗು ಏರಿಳಿಸುವ ಫೇಡರ್ ಕೆಳಗೆ ಎಳೆದರು. ಇನ್ನೂ ಕೆಳಗೆ ಎಳೆದರು.

“ಅಜ್ಜಾರ, ಇಷ್ಟ ಇಟ್ರ ಪಡಸಾಲಿ ಕೇಳೂದ ಇಲ್ಲ. ಚಪ್ಪಾಳಿ ಹೊಡದು ಕೈ ಕೆಂಪಾಗ್ಯಾವ.”

“ಪಡಸಾಲಿ ಕೇಳಾಕ ಬರತಾಳೇನು ಆಕಿ?”

ಅಜ್ಜ ಗುಂಗನ್ನು ಪೂರ್ತಿ ಬಂದ್ ಮಾಡಿದರು. ಬಾಳವ್ವನ ದನಿ ಅಂಗಳಕ್ಕೆ ಬಂದು ನಿಂತಿತು. ಮತ್ತೆ ಅಷ್ಟೇ ಸಣ್ಣಗೆ ಹಚ್ಚಿದರು. ದನಿ ಪಡಸಾಲೆಯ ಒಳಗೆ ಹೋಯಿತು.

ಕಲ್ಮೇಶ ಕೈ ಮುಗಿದ.

ಮರುದಿನ ಬಾಳವ್ವ ತನ್ನ ಕಂಬಳಿ ತಂದಿದ್ದಳು. ಕುರ್ಚಿ ಒಲ್ಲೆ ಎಂದಳು. ನೆಲದ ಮೇಲೆ ಹಾಸಿ ನಡುವೆ ಕೂತಳು.

ಕಲ್ಮೇಶ ಹಾಡು ಹಚ್ಚಿದ.

“ಈ ದಂಡಿಯಾಗ ನಾನು, ಆ ದಂಡಿಯಾಗ ನೀನು...”

“ನಡುವ ಹರಿಯೂ ನೀರು ಯಾರದೋ ತಂದೆ...”

ಬಾಳವ್ವ ಬಾಗಲಿಲ್ಲ. ಅಳಲಿಲ್ಲ. ಎರಡನೆಯ ಸಾಲಿಗೆ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಬಾಗಿಲ ಕಡೆ ತುಸು ಸರಿದಳು. ಹಾಡು ಮುಗಿಯುವತನಕ ಹಾಗೆಯೇ ಕೂತಿದ್ದಳು, ಕಂಬಳಿಯ ಅಂಚಿನಲ್ಲಿ.

“ಇನ್ನೊಮ್ಮೆ ಹಚ್ಚು ತಮ್ಮಾ,” ಎಂದಳು.

ಅವನು ಹಚ್ಚಿದ. ಆಮೇಲೆ ಗುರುವಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ.

“ಅಜ್ಜಾರ, ರಿವರ್ಬ್ ಎಷ್ಟು ಹಾಕಬೇಕ್ರಿ?”

ಅಜ್ಜ ಕಂಬಳಿಯ ಮೇಲೆ ಖಾಲಿಯಿದ್ದ ಜಾಗ ನೋಡಿದರು.

“ಒಬ್ಬರು ಕೂಡ್ರುವಷ್ಟು.”