ಗಿಳಿಯ ಮೇಲೆ ಅಂಗೈ ಇಟ್ಟ ಬುಡ್ನೇಸಾಬ

ಬಹಳ ಹಿಂದಿನ ಮಾತು. ಈಗಿನ ಹೆದ್ದಾರಿಯಲ್ಲಿ ಎತ್ತಿನ ಗಾಡಿಯೂ ಲಾರಿಯೂ ಒಂದರ ಹಿಂದೊಂದು ಹೋಗುತ್ತಿದ್ದ ಕಾಲ. ಎರೆಭೂಮಿಯ ನಡುವೆ ಜೋಡಬೇವು ಅಂತ ಒಂದು ಊರು. ಆ ಊರ ಕ್ರಾಸಿನಲ್ಲಿ ಬುಡ್ನೇಸಾಬ ಅಂತ ಒಬ್ಬ ಟಿಂಕರ್ ಇದ್ದನಂತೆ. ನಜ್ಜುಗುಜ್ಜಾದ ಗಾಡಿಯ ತಗಡನ್ನು ನೆಟ್ಟಗೆ ಮಾಡುವುದು ಅವನ ಕಸುಬು. ಅವನಂಥವನು ಹಿಂದೆ ಇರಲಿಲ್ಲ, ಮುಂದೆ ಬರಲಿಲ್ಲ ಅಂತ ಹೇಳುತ್ತಾರೆ.

ಬೇರೆಯವರು ಮಡ್‌ಗಾರ್ಡಿಗೆ ಸುತ್ತಿಗೆ ಹೊಡೆದರೆ ತಗಡು ನೆಟ್ಟಗಾಗುತ್ತಿತ್ತು, ಬಣ್ಣ ಮಾತ್ರ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬುಡ್ನೇಸಾಬ ಮುಟ್ಟಿದರೆ ತಗಡು ಬಾಗುತ್ತಿತ್ತು, ಬಣ್ಣಕ್ಕೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ತಗಡನ್ನು ಹದವಾಗಿ ಕಾಯಿಸಿ, ಕಟ್ಟಿಗೆಯ ದುಂಡನೆಯ ಕೊರಡಿನಿಂದ ಮೆಲ್ಲಗೆ ಲಟ್ಟಿಸುತ್ತಿದ್ದ. ಯಾರ ಹತ್ತಿರ ಕಲಿತೆ ಅಂತ ಕೇಳಿದರೆ ಅವ್ವನ ಹತ್ತಿರ ಅನ್ನುತ್ತಿದ್ದ. ಅವ್ವ ಜೋಳದ ರೊಟ್ಟಿ ಬಡಿಯುವವಳು. ತಣ್ಣೀರಲ್ಲಿ ನಾದಿದ ಹಿಟ್ಟು ಅಂಚಿಗೆ ಸೀಳುತ್ತದೆ, ಕುದಿನೀರಲ್ಲಿ ನಾದಿದ್ದು ಎಷ್ಟು ಬಡಿದರೂ ಸೀಳುವುದಿಲ್ಲ. ಬಣ್ಣವೂ ಅಷ್ಟೇ ಅನ್ನುತ್ತಿದ್ದನಂತೆ.

ಆ ಸೀಮೆಗೆಲ್ಲ ಆಗ ಒಂದೇ ಬಾಡಿಗೆ ಕಾರು. ಓಡಿಸುತ್ತಿದ್ದವಳು ಶಂಕ್ರವ್ವ. ಗಂಡ ಮಾನಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ, ಜನ ಏನಾದರೂ ಅನ್ನಲಿ ಅಂತ ತಾನೇ ಸ್ಟೇರಿಂಗ್ ಹಿಡಿದವಳು. ಮಾನಪ್ಪ ಬದುಕಿದ್ದಾಗ ಎಡಗಡೆಯ ಮಡ್‌ಗಾರ್ಡಿನ ಮೇಲೆ, ಗಾಲಿಯ ನೆತ್ತಿಗೆ ಸರಿಯಾಗಿ, ಒಂದು ಗಿಳಿ ಬರೆದಿದ್ದ. ಅವನೇನು ಚಿತ್ರಗಾರನಲ್ಲ, ಗಿಳಿ ಒಂದು ಬಗೆಯಲ್ಲಿ ನೋಡಿದರೆ ಹಸಿರು ಕಾಗೆಯ ಹಾಗೂ ಕಾಣುತ್ತಿತ್ತು. ಆದರೂ ಅವನ ಕೈಯ ಗುರುತು ಅಂತ ಉಳಿದದ್ದು ಅದೊಂದೇ. ಶಂಕ್ರವ್ವ ದಿನಾ ಬೆಳಗ್ಗೆ ಸೆರಗಿನಿಂದ ಅದನ್ನು ಒರೆಸಿಯೇ ಗಾಡಿ ತೆಗೆಯುತ್ತಿದ್ದಳು.

ಎರೆಮಣ್ಣಿನ ದಾರಿಯಲ್ಲಿ ಹೂತುಕೊಳ್ಳಬಾರದು ಅಂತ ಅವಳು ಕಾರಿಗೆ ದೊಡ್ಡ ಟೈರು ಹಾಕಿಸಿದಳು. ಅಲ್ಲಿಂದ ತೊಂದರೆ ಶುರುವಾಯಿತು. ಜನ ತುಂಬಿದರೆ ಗಾಡಿ ಕುಸಿಯುತ್ತಿತ್ತು, ಗಿಳಿಯಿದ್ದ ಮಡ್‌ಗಾರ್ಡಿನ ಒಳ ಅಂಚು ಕುಡುಗೋಲಿನ ಹಾಗೆ ಟೈರನ್ನು ಕೊಯ್ಯುತ್ತಿತ್ತು. ಒಮ್ಮೆ ಹಳ್ಳದ ಇಳಿಜಾರಿನಲ್ಲಿ ಟೈರು ಸಿಡಿದು, ಒಳಗಿದ್ದವರು ಉಳಿದದ್ದೇ ಪುಣ್ಯವಾಯಿತು. ಊರೂರಿನ ಟಿಂಕರುಗಳು ಒಂದೇ ಮಾತು ಹೇಳಿದರು: ಅಂಚನ್ನು ಬಡಿದು ಮಡಿಸಬೇಕು, ಗಿಳಿ ಹೋಗುತ್ತದೆ. ಅವಳು ಒಪ್ಪಲಿಲ್ಲ. ಯಾರೋ ಬುಡ್ನೇಸಾಬನ ಹೆಸರು ಹೇಳಿದರು. ಖಾಲಿ ಗಾಡಿ ಹೊಡೆದುಕೊಂಡು ಜೋಡಬೇವಿಗೆ ಬಂದಳು.

ಬುಡ್ನೇಸಾಬ ಗಿಳಿಯನ್ನು ಬಹಳ ಹೊತ್ತು ನೋಡಿದನಂತೆ. ನಗಲಿಲ್ಲವಂತೆ.

"ಗಾಳಿ ಭಾಳ ಐತಿ ತಂಗಿ," ಅಂದ. "ಕಾದ ಬಣ್ಣಕ್ಕ ತಣ್ಣನ ಗಾಳಿ ಬಡದ್ರ ಬಿರಿತೈತಿ. ಗಾಳಿ ನಿಲ್ಲಲಿ, ಮಾಡೂಣು. ಅಲ್ಲೀತನಕ ನಮ್ಮನ್ಯಾಗ ಇರು."

ಅವಳು ಅವನ ಹೆಂಡತಿಯ ಜೊತೆ ರೊಟ್ಟಿ ಬಡಿಯುತ್ತ ಕಾದಳು. ಗಾಳಿ ನಿಲ್ಲಲಿಲ್ಲ. ಹಾಗೆ ಕಾಯುತ್ತಿರುವಾಗಲೇ ಒಂದು ದಿನ ಎತ್ತಿನ ಗಾಡಿಯೊಂದು ಓಡೋಡಿ ಬಂತು. ಒಳಗೆ ದುರ್ಗವ್ವ ಅನ್ನುವ ತುಂಬು ಬಸುರಿ, ಸುತ್ತ ಅವಳ ಮನೆಯವರು. ಕೂಸು ಅಡ್ಡ ತಿರುಗಿತ್ತು, ಸೂಲಗಿತ್ತಿ ಕೈಚೆಲ್ಲಿದ್ದಳು. ದವಾಖಾನೆ ದೂರ, ಎತ್ತುಗಳು ಮುಟ್ಟಿಸುವ ದಾರಿಯಲ್ಲ. ಶಂಕ್ರವ್ವನ ಕಾರು ಬಿಟ್ಟರೆ ಬೇರೆ ಗತಿಯಿಲ್ಲ. ಆದರೆ ಅಷ್ಟು ಜನ ಹತ್ತಿದರೆ ಟೈರು ದಾರಿಯಲ್ಲೇ ಸಿಡಿಯುವುದು ಖರೆ.

"ಅಣ್ಣಾ, ಸುತ್ತಿಗಿ ತಗೊಂಡು ಬಡದು ಬಿಡು," ಅಂದಳು ಶಂಕ್ರವ್ವ. "ಗಿಳಿ ಹೋದ್ರ ಹೋಗ್ಲಿ." ಆ ಮಾತು ಹೇಳುವಾಗ ಅವಳು ಗಿಳಿಯ ಕಡೆ ನೋಡಲಿಲ್ಲ ಅಂತ ಹೇಳುತ್ತಾರೆ.

"ಬಡಿಯೂ ಹೊತ್ತಿನಾಗ ಲಟ್ಟಸ್ತೀನಿ. ನೀ ಗಾಡಿ ಹತ್ತು," ಅಂದ ಬುಡ್ನೇಸಾಬ. "ನಾ ಅಂದಾಗ ಚೂರು ಮುಂದ, ನಾ ಅಂದಾಗ ಚೂರು ಹಿಂದ."

ಮಡ್‌ಗಾರ್ಡಿನ ಒಳಗಿನಿಂದ ತಗಡಿಗೆ ಬೆಂಕಿ ಹಿಡಿದ. ಟೈರಿಗೂ ಅಂಚಿಗೂ ನಡುವೆ ಕೊರಡು ಸಿಕ್ಕಿಸಿದ. ಶಂಕ್ರವ್ವ ಗಾಡಿಯನ್ನು ತೊಟ್ಟಿಲು ತೂಗುವ ಹಾಗೆ ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ನಿಂತವರು ಕಂಬಳಿ ಹಿಡಿದು ಗಾಳಿಗೆ ಮರೆ ಮಾಡಿದರು, ಗಾಳಿ ಕಂಬಳಿಯನ್ನೇ ಎತ್ತಿ ಒಗೆಯಿತು. ಆಗ ಬುಡ್ನೇಸಾಬ ತನ್ನ ಬಲ ಅಂಗೈಯನ್ನು ಗಿಳಿಯ ಮೇಲೆ ಮುಚ್ಚಿ ಇಟ್ಟ. ಕೆಳಗೆ ತಗಡು ಕಾಯುತ್ತ ಹೋಯಿತು. ಅವನು ಕೈ ತೆಗೆಯಲಿಲ್ಲ. ಅಂಚು ಸೀರೆಯ ಅಂಚು ಮಡಿಸಿದ ಹಾಗೆ ಒಳಗೆ ಮಡಚಿಕೊಂಡಿತು. ಅವನು ಕೈ ತೆಗೆಯಲಿಲ್ಲ. ಎಡಗೈಯಿಂದ ಮಡ್‌ಗಾರ್ಡನ್ನು ಒಂದು ಎಳೆಯಷ್ಟು ಹೊರಗೆ ಎಳೆದ, ತಗಡು ಆರುವವರೆಗೂ ಹಾಗೇ ನಿಂತ. ಆಮೇಲೆ ಕೈ ಎತ್ತಿದ. ಬಣ್ಣ ಎದ್ದು ಬಂದಿರಲಿಲ್ಲ, ಅಂಗೈಯ ಚರ್ಮ ಬಂದಿತ್ತು.

ಶಂಕ್ರವ್ವ ಇಳಿಯಲು ಹೋದಳು. ಅವನು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡು, "ನನ್ನ ನೋಡಬ್ಯಾಡ, ದಾರಿ ನೋಡು," ಅಂದ.

ಗಾಡಿ ತುಂಬ ಜನ ಹತ್ತಿದರು, ಟೈರು ಎಲ್ಲೂ ತಾಗಲಿಲ್ಲ. ದುರ್ಗವ್ವ ಉಳಿದಳು, ಹೆಣ್ಣು ಕೂಸೂ ಉಳಿಯಿತು. ದಾರಿಯುದ್ದಕ್ಕೂ ಗಿಳಿಯೇ ಕೂಗಿ ಎದುರಿನ ಗಾಡಿಗಳನ್ನು ಸರಿಸಿತು ಅಂತಲೂ ಹೇಳುವವರಿದ್ದಾರೆ. ಹೇಳಲಿ ಬಿಡಿ.

ಗಾಯ ಮಾಯಿತು, ಆದರೆ ಆ ಅಂಗೈಗೆ ಬಿಸಿ ತಿಳಿಯದಾಯಿತು. ತಗಡಿನ ಹದ ತಿಳಿದಿದ್ದದ್ದು ಆ ಕೈಗೊಂದೇ. ಬಿಸಿ ತಿಳಿಯದ ಟಿಂಕರ್ ಏನು ಮಾಡಿಯಾನು? ಬುಡ್ನೇಸಾಬ ಅಂಗಡಿ ಮುಚ್ಚಿ ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟ. ಯಾರು ಕರೆದರೂ ಏಳಲಿಲ್ಲ. ಬೆಣ್ಣೆ ತಂದುಕೊಟ್ಟು ಹೋಗಲು ಬಂದ ಶಂಕ್ರವ್ವ ಅವನ ಪಕ್ಕ ಕೂತಳು.

"ಕೂಸಿಗೆ ಜ್ವರ ಬಂದ್ರ ತಾಯಿ ಕೈಯಿಂದಷ್ಟ ನೋಡ್ತಾಳೇನಣ್ಣಾ?" ಅಂದಳು. "ಗಲ್ಲ ಹಚ್ಚಿ ನೋಡ್ತಾಳ."

ಮರುದಿನ ಅಂಗಡಿ ತೆರೆಯಿತಂತೆ. ಅಲ್ಲಿಂದ ಮುದುಕನಾಗುವವರೆಗೂ ಬುಡ್ನೇಸಾಬ ಕಣ್ಣು ಮುಚ್ಚಿ, ಮಡ್‌ಗಾರ್ಡಿಗೆ ಗಲ್ಲ ಹಚ್ಚಿಯೇ ಹದ ನೋಡುತ್ತಿದ್ದ. ದಾರಿಹೋಕರಿಗೆ ಅವನು ಗಾಡಿಗಳ ಜೊತೆ ಗುಟ್ಟು ಮಾತಾಡುವವನ ಹಾಗೆ ಕಾಣುತ್ತಿದ್ದನಂತೆ.

ಈಗ ಆ ಕೆಲಸಕ್ಕೆ ಯಂತ್ರಗಳು ಬಂದಿವೆ. ಆದರೂ ಆ ರಸ್ತೆಯ ಊರುಗಳಲ್ಲಿ ಹೊಸ ಗಾಡಿ ಮನೆಗೆ ಬಂದರೆ, ನಿಂಬೆಹಣ್ಣು ಇಡುವುದಕ್ಕೂ ಮೊದಲು ಮನೆಯ ಹಿರಿಯ ಹೆಂಗಸು ಬಾಗಿ ಎಡಗಡೆಯ ಮಡ್‌ಗಾರ್ಡಿಗೆ ಗಲ್ಲ ಹಚ್ಚುತ್ತಾಳೆ. ಬಿಸಿಲಲ್ಲಿ ನಿಂತ ಗಾಡಿಯಾದರೆ ಸುಡುತ್ತದೆ. ಸುಟ್ಟರೂ ತಟ್ಟನೆ ತೆಗೆಯುವುದಿಲ್ಲ.