ಚಂಡಮಾರುತದ ಕಣ್ಣಿನೊಳಗೆ ಎರಡು ಗಳಿಗೆ

"ಗುರುಗಳೇ, ಮಾಡಿದ ಕೆಲಸದ ಬಗ್ಗೆ ಹೆಮ್ಮೆಪಡುವುದು ತಪ್ಪೇ?"

ಹೀಗೆ ಕೇಳಿದವನು ಮುರಿಗಯ್ಯ. ಒಡೆದುಹೋಗಿದ್ದ ಊರ ಕೆರೆಯ ಏರಿಯನ್ನು ಅವನು ಮಳೆಗಾಲಕ್ಕೆ ಮುಂಚೆ ಕಟ್ಟಿಸಿ ಮುಗಿಸಿದ್ದ. ಅಂದು ಬೆಳಿಗ್ಗೆ ಊರವರು ಅವನಿಗೆ ಹಾರ ಹಾಕಿದ್ದರು. 'ಎಲ್ಲ ಗುರುವಿನ ಕೃಪೆ, ನನ್ನದೇನೂ ಇಲ್ಲ' ಎಂದು ಅವನು ಕೈಮುಗಿದಿದ್ದ. ಆದರೆ ಮಠಕ್ಕೆ ಬರುವ ದಾರಿಯುದ್ದಕ್ಕೂ ಅವನ ಎದೆ ಉಬ್ಬಿಯೇ ಇತ್ತು. ಬಾಯಿ ಒಂದು ಹೇಳಿತ್ತು, ಎದೆ ಇನ್ನೊಂದು ಹೇಳುತ್ತಿತ್ತು. ಅದೇ ಅವನನ್ನು ಕಾಡುತ್ತಿತ್ತು.

ಗುರುಗಳು ಕುಳಿತುಕೋ ಎಂದು ಕೈಸನ್ನೆ ಮಾಡಿದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಪಡುವಣ ಕರಾವಳಿಯ ಒಂದು ಊರಿನಲ್ಲಿ ಜಟ್ಟಪ್ಪನೆಂಬ ತಾಂಡೇಲನಿದ್ದ. ತಾಂಡೇಲನೆಂದರೆ ಹಡಗು ನಡೆಸುವವನು. ಆ ಹಡಗು ಅವನೊಬ್ಬನದಲ್ಲ. ಹತ್ತೊಂಬತ್ತು ಮನೆಯವರು ಸೇರಿ ಮರ ತಂದು, ಸೇರಿ ಕಟ್ಟಿದ ಹಡಗು. ಮನೆಗೊಬ್ಬ ಆಳಿನಂತೆ ಅದರಲ್ಲಿ ಹೋಗುತ್ತಿದ್ದರು. ತಾಂಡೇಲನನ್ನು ಬಿಟ್ಟರೆ ಹದಿನೆಂಟು ಜನ. ಒಂದು ವರ್ಷ ಅವರು ತಮ್ಮ ತಮ್ಮ ಮನೆಯ ಮೆಣಸನ್ನು ತುಂಬಿಕೊಂಡು, ಮೂಡಣ ದೇಶಗಳನ್ನೆಲ್ಲ ದಾಟಿ, ಶಾಂತಸಾಗರದವರೆಗೆ ಹೋದರು. ಆ ಊರಿನಿಂದ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ.

ಆ ಸಾಗರದ ನಡುವೆ ಒಂದು ಕಡೆ ಗಾಳಿ ನಿಂತಿತು. ಹಾಯಿ ಜೋತುಬಿತ್ತು. ಮೂರು ದಿನ ಹಡಗು ಇದ್ದಲ್ಲೇ ಇತ್ತು. ಜಟ್ಟಪ್ಪ ಬಗ್ಗಿ ನೀರಿಗೆ ಕೈ ಅದ್ದಿದ. ನೀರು ಬಚ್ಚಲ ಹಂಡೆಯ ನೀರಿನಂತೆ ಬೆಚ್ಚಗಿತ್ತು. ಮೂಡಣದಲ್ಲಿ ನಾಲ್ಕಾರು ಮೋಡಗಳು ಎದ್ದವು. ಮಧ್ಯಾಹ್ನ ಗುಡುಗಿದವು, ಸಂಜೆಗೆ ಕರಗಿದವು. ಮಾರನೆಯ ದಿನ ಮತ್ತೆ ಎದ್ದವು. ಈ ಸಲ ಕರಗಲಿಲ್ಲ. ಒಂದನ್ನೊಂದು ಹಿಡಿದುಕೊಂಡು, ಬೀಸುವ ಕಲ್ಲು ತಿರುಗಿದ ಹಾಗೆ ಮೆಲ್ಲಗೆ ತಿರುಗತೊಡಗಿದವು.

ಜಟ್ಟಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಅವನಿಗೆ ಸೋದರಮಾವನ ಮಾತು ನೆನಪಾಯಿತು. ಆ ಮಾವ ಪರದೇಶದ ಹಡಗುಗಳಲ್ಲಿ ದುಡಿದು ಬಂದವನು. ಚಂಡಮಾರುತ ಬೆಚ್ಚನೆಯ ನೀರಿನಲ್ಲಿ ಹುಟ್ಟುತ್ತದೆ, ಹುಟ್ಟುವಾಗ ಅದು ಹಸುಗೂಸು, ನೀರಿನ ಬಿಸಿಯೇ ಅದಕ್ಕೆ ಹಾಲು, ಕುಡಿದಷ್ಟೂ ಬೆಳೆಯುತ್ತದೆ ಎಂದು ಅವನು ಹೇಳುತ್ತಿದ್ದ. ಬೆಳೆದು ದೊಡ್ಡದಾದ ಮೇಲೆ ಅದರ ನಡುವೆ ಒಂದು ಕಣ್ಣು ತೆರೆಯುತ್ತದೆ, ಆ ಕಣ್ಣಿನೊಳಗೆ ಗಾಳಿಯೇ ಇಲ್ಲ, ಕಣ್ಣು ದಾಟಿದ ಮೇಲೆ ಗಾಳಿ ತಿರುಗಿ ಎದುರು ದಿಕ್ಕಿನಿಂದ ಹೊಡೆಯುತ್ತದೆ ಎಂದೂ ಹೇಳುತ್ತಿದ್ದ. ಊರವರು ನಗುತ್ತಿದ್ದರು. ಗಾಳಿಗೂ ಕಣ್ಣುಂಟೇ ಎನ್ನುತ್ತಿದ್ದರು. ಮಾವ ಸತ್ತು ಎಷ್ಟೋ ವರ್ಷವಾಗಿತ್ತು.

ನಾಲ್ಕನೆಯ ದಿನ ಸಣ್ಣ ಗಾಳಿ ಎದ್ದಿತು. ಜಟ್ಟಪ್ಪ ಇದ್ದ ಹಾಯಿಗಳನ್ನೆಲ್ಲ ಏರಿಸಿ ಪಡುವಣಕ್ಕೆ ಹಡಗು ಬಿಟ್ಟ. ಎರಡು ದಿನದ ಮೇಲೆ ಬೆನ್ನ ಹಿಂದಿನಿಂದ ಅಲೆ ಬರತೊಡಗಿತು. ಗಾಳಿಗೆ ಎದ್ದ ಅಲೆಯಲ್ಲ. ಉದ್ದನೆಯ ಅಲೆ, ಆತುರವಿಲ್ಲದ ಅಲೆ. ಯಾವುದೋ ದೊಡ್ಡದು ದೂರದಲ್ಲಿ ನಡೆದು ಬರುತ್ತಿತ್ತು. ಆಕಾಶದಲ್ಲಿ ಕೊಕ್ಕರೆಯ ಗರಿಯಂಥ ಮೋಡಗಳು ಹರಡಿದವು. ಸೂರ್ಯ ಮುಳುಗುವಾಗ ನೀರೆಲ್ಲ ತಾಮ್ರದ ಬಣ್ಣವಾಯಿತು. ಹಸುಗೂಸು ಬೆಳೆದಿದೆ ಎಂದು ಜಟ್ಟಪ್ಪನಿಗೆ ತಿಳಿಯಿತು.

ಮರುದಿನ ಒಂದು ದ್ವೀಪ ಸಿಕ್ಕಿತು. ಅದಕ್ಕೊಂದು ಕೊಲ್ಲಿ. ಕೊಲ್ಲಿಯ ಬಡಗಣಕ್ಕೆ ಎತ್ತರದ ಗುಡ್ಡ, ತೆಂಕಣಕ್ಕೆ ಕಡಲಿನ ಬಾಯಿ. ಬಾಯಿಯ ಅರ್ಧಕ್ಕೆ ಅಡ್ಡವಾಗಿ ಒಂದು ಕಲ್ಲಿನ ದಿಣ್ಣೆ, ಕೋಟೆಯ ಗೋಡೆಯಂತೆ. ಅಲ್ಲಿ ಆಗಲೇ ಬೇರೊಂದು ಹಡಗು ನಿಂತಿತ್ತು. ಅದರ ಜನ ಯಾವ ದೇಶದವರೋ, ಭಾಷೆ ತಿಳಿಯಲಿಲ್ಲ. ಗಾಳಿ ಬಡಗಣದಿಂದ ಏಳುತ್ತಿತ್ತು. ಜಟ್ಟಪ್ಪ ಗುಡ್ಡದ ಬುಡದಲ್ಲಿ ಎರಡು ಲಂಗರು ಹಾಕಿಸಿದ. ಆ ಹಡಗಿನವರು ಕೊಲ್ಲಿಯ ಬಾಯಿಯಲ್ಲೇ ಉಳಿದರು. ಒಳಗೆ ಬನ್ನಿ ಎಂದು ಜಟ್ಟಪ್ಪ ಕೈಬೀಸಿದ. ಅವರೂ ಕೈಬೀಸಿದರು. ನಮಸ್ಕಾರವೆಂದು ತಿಳಿದರೋ ಏನೋ.

ಬೆಳಗಾಗುವ ಹೊತ್ತಿಗೆ ಚಂಡಮಾರುತ ಬಂದಿತು. ಅದನ್ನು ಬಣ್ಣಿಸುವುದು ಬೇಡ. ಪಕ್ಕದವನು ಕೂಗಿದ್ದು ಪಕ್ಕದವನಿಗೆ ಕೇಳಲಿಲ್ಲ, ಅಷ್ಟು ಸಾಕು. ಗುಡ್ಡ ಅರ್ಧ ಗಾಳಿಯನ್ನು ತಡೆಯಿತು, ಉಳಿದರ್ಧಕ್ಕೆ ನಡುಗಂಬ ಮುರಿಯಿತು. ಲಂಗರು ಹಿಡಿದುಕೊಂಡಿತು. ಬಾಯಿಯಲ್ಲಿದ್ದ ಹಡಗಿನ ಲಂಗರು ಕಿತ್ತಿತು. ಗಾಳಿ ಅದನ್ನು ಹೊರಗೆ ನೂಕಿ ದಿಣ್ಣೆಯ ತುದಿಯ ಬಂಡೆಗಳ ಮೇಲೆ ಕುಕ್ಕಿತು. ಹಡಗು ಅಲ್ಲೇ ಓರೆಯಾಗಿ ಕೂತಿತು.

ನಡುಹಗಲು ಕಳೆದ ಮೇಲೆ ಗಾಳಿ ನಿಂತಿತು. ಕಮ್ಮಿಯಾಗಿ ನಿಂತದ್ದಲ್ಲ, ಬಾಗಿಲು ಹಾಕಿದ ಹಾಗೆ ನಿಂತಿತು. ತಲೆಯ ಮೇಲೆ ನೀಲಿ ಆಕಾಶ ಕಂಡಿತು. ಬಿಸಿಲು ಬಿತ್ತು. ಎಲ್ಲಿಂದಲೋ ದಣಿದ ಹಕ್ಕಿಗಳು ಬಂದು ಹಡಗಿನ ಮೇಲೆ ಕುಳಿತವು. ಸುತ್ತಲೂ, ಬಹು ದೂರದಲ್ಲಿ, ಮೋಡ ಗೋಡೆಯಾಗಿ ನಿಂತಿತ್ತು.

ಆಳುಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅವರಲ್ಲಿ ಹಿರಿಯನಾದ ಹಮ್ಮಣ್ಣ ಹೇಳಿದ:

"ತಾಂಡೇಲರೇ, ಬದುಕಿದೆವು. ಒಲೆ ಹೊತ್ತಿಸೋಣ. ಹುಡುಗರು ನಿನ್ನೆಯಿಂದ ಉಂಡಿಲ್ಲ."

"ಇದು ಮುಗಿದದ್ದಲ್ಲ, ಹಮ್ಮಣ್ಣ. ಅರ್ಧ ಆದದ್ದು. ಇನ್ನು ಗಾಳಿ ತೆಂಕಣದಿಂದ ಬರುತ್ತದೆ. ಇಲ್ಲೇ ಇದ್ದರೆ ನಮ್ಮನ್ನು ಇದೇ ಗುಡ್ಡಕ್ಕೆ ಅಪ್ಪಳಿಸುತ್ತದೆ. ಆ ದಿಣ್ಣೆಯ ಮರೆಗೆ ಹೋಗಬೇಕು. ನಮಗಿರುವುದು ಒಂದೋ ಎರಡೋ ಗಳಿಗೆ."

ಹೇಳಿದನೇ ಹೊರತು ಜಟ್ಟಪ್ಪನಿಗೇ ಅದು ಖಾತ್ರಿಯಿರಲಿಲ್ಲ. ಅವನು ಆ ಕಣ್ಣನ್ನು ಹಿಂದೆ ಕಂಡವನಲ್ಲ. ಅವನ ಬಳಿ ಇದ್ದದ್ದು ಸತ್ತ ಮಾವನ ಒಂದು ಮಾತು, ಊರೆಲ್ಲ ನಕ್ಕ ಮಾತು. ಗಾಳಿ ಮತ್ತೆ ಬಡಗಣದಿಂದಲೇ ಬಂದರೆ, ಗುಡ್ಡದ ಮರೆಯಿಂದ ಹಡಗನ್ನು ಹೊರಗೆಳೆದು ಹದಿನೆಂಟು ಮನೆಗಳ ದೀಪವನ್ನು ತಾನೇ ಆರಿಸಿದಂತೆ. ಅವನು ಒಮ್ಮೆ ಕಣ್ಣು ಮುಚ್ಚಿ ತೆರೆದ. ಲಂಗರು ಎತ್ತಿ ಎಂದ.

ಆಗ ಬಂಡೆಯ ಕಡೆಯಿಂದ ಕೂಗು ಕೇಳಿಸಿತು. ಓರೆಯಾದ ಹಡಗಿನ ಮೇಲೆ ಜನ ನಿಂತಿದ್ದರು. ಎಣಿಸಿದರೆ ಹದಿಮೂರು. ಅವರ ದೋಣಿ ಚೂರಾಗಿತ್ತು. ತೆಂಕಣ ಗಾಳಿಯ ಅಲೆ ಮೊದಲು ಬಡಿಯುವುದು ಅವರಿಗೇ.

ಜಟ್ಟಪ್ಪನ ಹಡಗಿನಲ್ಲಿ ಇದ್ದದ್ದು ಒಂದೇ ದೋಣಿ. ಗಾಳಿಯಿಲ್ಲದಾಗ ಆ ದೋಣಿಯೇ ಹಗ್ಗ ಕಟ್ಟಿ ಹಡಗನ್ನು ಎಳೆಯಬೇಕು. ದೋಣಿ ಅಲ್ಲಿಗೆ ಹೋದರೆ ಹಡಗು ಇಲ್ಲೇ.

"ಅವರು ಯಾರೋ ಏನೋ, ತಾಂಡೇಲರೇ," ಎಂದ ಹಮ್ಮಣ್ಣ. "ನಮ್ಮ ಮನೆಯ ಮಕ್ಕಳು ಈ ಹಡಗಿನಲ್ಲಿದ್ದಾರೆ."

ಜಟ್ಟಪ್ಪ ಆಳುಗಳ ಕಡೆಗೆ ತಿರುಗಿದ. ಎಂಟು ಜನ ದೋಣಿಗೆ, ಹತ್ತು ಜನ ಹಡಗಿನ ದೊಡ್ಡ ಹುಟ್ಟುಗಳಿಗೆ ಎಂದ. ಹದಿನೆಂಟು ಜನ ಎಳೆಯಬೇಕಾದ ಹಡಗನ್ನು ಹತ್ತು ಜನ ಎಳೆಯಬೇಕಾದರೆ ಹಡಗು ಹಗುರವಾಗಬೇಕು. ಮೆಣಸು ಕಡಲಿಗೆ ಹಾಕಿ ಎಂದ. ಮೊದಲ ಚೀಲ ತನ್ನ ಮನೆಯದು. ಅದನ್ನು ತಾನೇ ಎತ್ತಿ ಎಸೆದ. ಆಮೇಲೆ ಉಳಿದವರೂ ತಮ್ಮ ತಮ್ಮ ಮನೆಯ ಚೀಲಗಳನ್ನು ಎತ್ತಿ ಎಸೆದರು. ಹಮ್ಮಣ್ಣ ಒಂದು ಗಳಿಗೆಯನ್ನು ವಾದದಲ್ಲಿ ಕಳೆಯುವವನಲ್ಲ. ದೋಣಿಗೆ ಇಳಿದು ಮುಂದಿನ ಹುಟ್ಟು ಹಿಡಿದ.

ಹಡಗು ಅಲುಗಾಡಿತು. ಹತ್ತು ಜನ ಹುಟ್ಟು ಹಾಕಿದರು. ಎಣ್ಣೆಯ ಗಾಣಕ್ಕೆ ಕಟ್ಟಿದ ಎತ್ತು ಕೂಡ ಆಗಾಗ ನಿಲ್ಲುತ್ತದೆ, ಅವರು ನಿಲ್ಲಲಿಲ್ಲ. ಅಂಗೈಯ ತೊಗಲು ಸುಲಿಯಿತು. ಪುರ್ಸು ಎಂಬವನ ಭುಜ ಬೆಳಿಗ್ಗೆಯೇ ಕೀಲು ತಪ್ಪಿತ್ತು. ಅವನು ಒಂದೇ ಕೈಯಲ್ಲಿ, ಹುಟ್ಟನ್ನು ಎದೆಗೆ ಕೊಟ್ಟು ನೂಕಿದ. ಜಟ್ಟಪ್ಪ ಚುಕ್ಕಾಣಿ ಹಿಡಿದು ನಿಂತು ಅವರ ಬೆನ್ನುಗಳನ್ನು ನೋಡುತ್ತಿದ್ದ. ಇಂಥವರ ತಾಂಡೇಲ ನಾನು ಎಂದು ಅವನಿಗೆ ಅನ್ನಿಸಿತು. ಆ ಹೆದರಿಕೆಯ ನಡುವೆಯೂ ಅವನ ಎದೆ ತುಂಬಿತು.

ಹಡಗು ಕೊಲ್ಲಿಯ ನಡುವಿಗೆ ಬರುವಾಗ ದೋಣಿ ಏಳು ಜನರನ್ನು ತಂದು ಹತ್ತಿಸಿತು. ಇನ್ನೂ ಆರು ಜನ ಬಂಡೆಯ ಮೇಲಿದ್ದರು. ತೆಂಕಣದ ಮೋಡದ ಗೋಡೆ ಹತ್ತಿರ ಬಂದಿತ್ತು. ಅದರ ಬುಡದಲ್ಲಿ ನೀರು ಬೆಳ್ಳಗೆ ಕಾಣುತ್ತಿತ್ತು. ಮತ್ತೆ ಹೋಗಿ ಎನ್ನಲು ಜಟ್ಟಪ್ಪನಿಗೆ ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ. ಅವನು ಬಗ್ಗಿ ನೋಡುವಷ್ಟರಲ್ಲಿ ಹಮ್ಮಣ್ಣ ದೋಣಿಯನ್ನು ಬಂಡೆಯ ಕಡೆಗೆ ತಿರುಗಿಸಿಯಾಗಿತ್ತು.

ಎರಡನೆಯ ಸಲ ಅಲೆ ದೋಣಿಯನ್ನು ಬಂಡೆಗೆ ಒತ್ತಿತು. ಮಾಸ್ತಿ ಎಂಬವನು ದೋಣಿ ಒಡೆಯದಂತೆ ಕೈ ಅಡ್ಡ ಕೊಟ್ಟ. ಎರಡು ಬೆರಳು ಹೋದವು. ದೋಣಿ ಉಳಿಯಿತು. ಆರು ಜನರೂ ಹತ್ತಿದರು. ಹಡಗು ದಿಣ್ಣೆಯ ಮರೆಗೆ ಬಂದು, ಲಂಗರು ತಳ ಮುಟ್ಟಿ, ದೋಣಿಯವರನ್ನು ಹಗ್ಗದಿಂದ ಮೇಲೆಳೆದುಕೊಂಡ ಮೇಲೆ, ಒಬ್ಬ ಮನುಷ್ಯ ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು ಉಳಿದಿತ್ತು. ಆಮೇಲೆ ಗಾಳಿ ಬಂದಿತು. ತೆಂಕಣದಿಂದಲೇ ಬಂದಿತು. ಅವರು ಬೆಳಿಗ್ಗೆ ನಿಂತಿದ್ದ ಗುಡ್ಡದ ಬುಡವನ್ನು ಅಲೆ ಅಗೆದು ಹಾಕಿತು. ಓರೆಯಾಗಿದ್ದ ಆ ಇನ್ನೊಂದು ಹಡಗು ಎರಡು ಹೊಡೆತಕ್ಕೆ ಕಾಣೆಯಾಯಿತು. ದಿಣ್ಣೆಯ ಮರೆಯಲ್ಲಿ ಮೂವತ್ತೆರಡು ಜನ ಒಬ್ಬರ ಸೊಂಟವನ್ನೊಬ್ಬರು ಹಿಡಿದು ಕುಳಿತಿದ್ದರು. ಹೊತ್ತು ಮುಳುಗುವಾಗ ಗಾಳಿ ಇಳಿಯತೊಡಗಿತು.

ಮೂರು ದಿನ ಹಡಗು ಸರಿಮಾಡಿದರು. ಹದಿಮೂರು ಜನರ ಊರು ಬಡಗಣದಲ್ಲಿದೆ ಎಂದು ಕೈಸನ್ನೆಯಿಂದ ತಿಳಿಯಿತು. ಅವರನ್ನು ಅಲ್ಲಿಗೇ ಮುಟ್ಟಿಸಲು ಹೊರಟರು. ದಿನ ಕಳೆದಂತೆ ಚಳಿ ಹೆಚ್ಚಿತು. ಒಂದು ಬೆಳಿಗ್ಗೆ ಎದುರಿಗೆ ಬೂದು ಮೋಡದ ಒಂದು ಗುಂಪು ಕಂಡಿತು. ಹಡಗು ಅದರ ಕೆಳಗೇ ಹಾದುಹೋಯಿತು. ತುಂತುರು ಮಳೆ, ಹಾಯಿ ತುಂಬಲೂ ಸಾಲದ ಗಾಳಿ. ಮೋಡಗಳು ಮಾತ್ರ ಇನ್ನೂ ಮೆಲ್ಲಗೆ ತಿರುಗುತ್ತಿದ್ದವು. ಜಟ್ಟಪ್ಪ ನೀರಿಗೆ ಕೈ ಅದ್ದಿದ. ನೀರು ಕೊರೆಯುತ್ತಿತ್ತು. ಕುಡಿಯಲು ಬಿಸಿ ಸಿಗದೆ ಚಂಡಮಾರುತ ಅಲ್ಲಿ ಸಾಯುತ್ತಿತ್ತು. ಮಧ್ಯಾಹ್ನಕ್ಕೆ ಮೋಡ ಚದುರಿತು. ಜಟ್ಟಪ್ಪ ಅದು ಹುಟ್ಟಿದ್ದನ್ನು ಕಂಡಿದ್ದ, ಬೆಳೆದದ್ದನ್ನು ಕಂಡಿದ್ದ, ಸತ್ತದ್ದನ್ನೂ ಕಂಡ. ಅವನಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಎಂಥ ಜೀವ ಎಂದುಕೊಂಡ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಒಮ್ಮೆ ಕೈಮುಗಿದ.

ಹದಿಮೂರು ಜನರನ್ನು ಅವರ ಹೆಂಡಿರು ಮಕ್ಕಳಿಗೆ ಒಪ್ಪಿಸಿ, ತಿಂಗಳುಗಟ್ಟಲೆ ಸಾಗಿ, ಹಡಗು ತನ್ನೂರು ಸೇರಿತು. ಊರೆಲ್ಲ ದಂಡೆಗೆ ಬಂದಿತ್ತು. ಹಡಗಿನಲ್ಲಿ ಹೋದ ಸರಕೂ ಇಲ್ಲ, ತಂದ ಸರಕೂ ಇಲ್ಲ. ನಡೆದದ್ದನ್ನೆಲ್ಲ ಜನ ಕೇಳಿದರು. ಕೇಳಿ ಜಟ್ಟಪ್ಪನನ್ನು ಹೆಗಲ ಮೇಲೆ ಹೊರಲು ಬಂದರು. ಆಗ ಊರ ಹಿರಿಯ ಅವನನ್ನು ಎಚ್ಚರಿಸಿದ:

"ಜಟ್ಟಪ್ಪ, ಎಲ್ಲ ಕಡಲಮ್ಮನ ದಯೆ ಅನ್ನು. ಹೆಮ್ಮೆ ಪಡಬೇಡ ಮಗಾ."

"ದಯೆ ಇಲ್ಲ ಅನ್ನುವುದಿಲ್ಲ, ಅಜ್ಜ. ಕಣ್ಣು ತೆರೆದವಳು ಅವಳೇ. ಆದರೆ ಆ ಎರಡು ಗಳಿಗೆ ಹುಟ್ಟು ಹಾಕಿದವರು ಇವರು. ನಾನು ಹೆಮ್ಮೆಪಡುತ್ತೇನೆ. ಬದುಕಿರುವವರೆಗೂ ಪಡುತ್ತೇನೆ."

ಹಾಗೆಂದು ಅವನು ಹದಿನೆಂಟು ಜನರನ್ನೂ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರ ಮುಂದೆ ನಿಂತು ಹೆಸರು ಹಿಡಿದು ಹೇಳಿದ. ಇವನು ಹಮ್ಮಣ್ಣ, ನಾನು ಹೇಳದೆ ಎರಡನೆಯ ಸಲ ಹೋದವನು. ಇವನು ಪುರ್ಸು, ಒಂದು ಕೈಯಲ್ಲಿ ಹಡಗು ನೂಕಿದವನು. ಇವನು ಮಾಸ್ತಿ, ಎರಡು ಬೆರಳು ಕೊಟ್ಟು ದೋಣಿಯನ್ನೂ ಬಂಡೆಯ ಮೇಲಿದ್ದ ಆರು ಜನರನ್ನೂ ಉಳಿಸಿದವನು. ಇವನು ಕುಪ್ಪ, ಅಳುತ್ತಿದ್ದ, ಆದರೆ ಒಂದು ಹುಟ್ಟು ಕೂಡ ತಪ್ಪಿಸಲಿಲ್ಲ. ಹೀಗೆ ಹದಿನೆಂಟೂ ಹೆಸರು ಹೇಳಿದ. ಯಾರು ಏನು ಮಾಡಿದರೆಂಬುದನ್ನು ಒಂದೂ ಮರೆಯಲಿಲ್ಲ. ಆ ಮನೆಗಳ ಹೆಂಗಸರು ಮೆಣಸಿನ ಮಾತು ಎತ್ತಲಿಲ್ಲ. ತಲೆ ಎತ್ತಿ ನಿಂತಿದ್ದರು. ಹಿರಿಯ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಅಂಗೈಯನ್ನೂ ತಿರುಗಿಸಿ ನೋಡಿದ. ಕೊನೆಗೆ ತಾನೂ ರುಮಾಲು ತೆಗೆದು ಅವರಿಗೆ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯನ ಮುಖ ಅರಳಿತ್ತು. ಬೆಳಗಿನಿಂದ ಹೊತ್ತಿದ್ದ ಭಾರ ಇಳಿದಂತಾಗಿತ್ತು.

"ಹಾಗಾದರೆ ಹೆಮ್ಮೆ ತಪ್ಪಲ್ಲ, ಅಲ್ಲವೇ ಗುರುಗಳೇ? ನಾನೂ ಧಾರಾಳವಾಗಿ ಹೆಮ್ಮೆಪಡಬಹುದು."

"ಪಡು, ಮುರಿಗಯ್ಯ; ಎಲ್ಲಿ, ಏರಿಗೆ ಮಣ್ಣು ಹೊತ್ತ ನಿನ್ನವರ ಹೆಸರುಗಳನ್ನು ಹೇಳು, ಕೇಳೋಣ."

ಮುರಿಗಯ್ಯ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.